ಕಾಲಂ ಇಲ್ಲದ ಲೆಕ್ಕ

ಮಾರಿಕುಪ್ಪಂನಲ್ಲಿ ಹಳಿ ಮುಗಿದುಹೋಗುತ್ತದೆ. ಬಂಗಾರಪೇಟೆಯಲ್ಲಿ ದೊಡ್ಡ ಲೈನು ಬಿಟ್ಟು ಕವಲೊಡೆದ ರೈಲು ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂದು ನಿಂತು ನಿಂತು ಬಂದು ಇಲ್ಲಿ ದಣಿವಾರಿಸಿಕೊಳ್ಳುತ್ತದೆ. ಚಿನ್ನದ ಗಣಿಯ ಸಲುವಾಗಿ 1894ರಲ್ಲಿ ಹಾಕಿದ 16 ಕಿಲೋಮೀಟರ್ ದಾರಿ. ಆಗ ಯಂತ್ರ, ಮರಮುಟ್ಟು ಹೊತ್ತು ಒಳಗೆ ಬರುತ್ತಿತ್ತು. ಈಗ ಜನರನ್ನು ಹೊತ್ತು ಹೊರಗೆ ಹೋಗುತ್ತದೆ.

ಮಿಕ್ಕ ದಿನಗಳಲ್ಲಿ ಬೆಳಕು ಹರಿಯುವ ಮೊದಲೇ ಈ ಪ್ಲಾಟ್‌ಫಾರ್ಮಿನ ತುಂಬ ಜನ. ಟಿಫಿನ್ ಡಬ್ಬಿ, ಕೊರಳಲ್ಲಿ ಜೋತುಬಿದ್ದ ಐಡಿ ಕಾರ್ಡು, ಕಿಟಕಿಯೊಳಗೆ ಕರ್ಚೀಫ್ ಎಸೆದು ಹಿಡಿದ ಸೀಟು. ಬೆಂಗಳೂರಿಗೆ ದುಡಿಯಲು ಹೋಗುವ ಆ ಗುಂಪಿನಲ್ಲಿ ನಾನೂ ಒಬ್ಬ. ಇವತ್ತು ಭಾನುವಾರ. ಬಿಸಿಲಿದ್ದರೂ ಆಷಾಢದ ಗಾಳಿ ಕಿವಿಗೆ ಬಡಿಯುತ್ತಿದೆ. ರೈಲಿನಿಂದ ಇಳಿಯುತ್ತಿರುವವರು ಹನ್ನೆರಡು ಹುಡುಗರು. ಒಂದೇ ಬಣ್ಣದ ಟ್ರ್ಯಾಕ್‌ಸೂಟು, ಬೆನ್ನ ಮೇಲೆ ಒಂದೇ ಥರದ ಬ್ಯಾಗು. ಹನ್ನೊಂದು ಮಂದಿ ತಲೆ ಎತ್ತಿ ಊರಿನ ಬೋರ್ಡು ಓದುತ್ತಾರೆ. ಹನ್ನೆರಡನೆಯವನು ಓದುವುದಿಲ್ಲ. ನೇರ ನನ್ನ ಕಡೆಗೆ ಬರುತ್ತಾನೆ.

"ಅಣ್ಣಾ, ಶೀಟ್ ಬರೆಯೋದು ಇನ್ನೂ ನೀವೇನಾ?"

"ಇನ್ಯಾರು ಬರೀತಾರೆ? ನಿನ್ನ ನಂಬರ್ ಎಷ್ಟೀಗ?"

"ಹದಿನೇಳು. ಅಲ್ಲಿ ಏಳು ಖಾಲಿ ಇರ್ಲಿಲ್ಲ."

ಹೋದ ವರ್ಷದವರೆಗೂ ಇವನು ನಮ್ಮ ಕಾಲೇಜಿನ ಏಳನೇ ನಂಬರು. ಈ ಜೂನ್‌ನಲ್ಲಿ ಬೆಂಗಳೂರಿನ ಕಾಲೇಜೊಂದು ಇವನಿಗೆ ಫೀಸಿಲ್ಲದ ಸೀಟು ಕೊಟ್ಟು, ಹಾಸ್ಟೆಲ್ ಕೊಟ್ಟು, ಕಾಲಿಗೆ ಹೊಸ ಶೂ ಕೊಟ್ಟು ಕರೆದುಕೊಂಡಿತು. ಇವತ್ತು ಅದೇ ತಂಡ ನಮ್ಮ ಜೊತೆ ಬ್ಯಾಸ್ಕೆಟ್‌ಬಾಲ್ ಪ್ರಾಕ್ಟೀಸ್ ಮ್ಯಾಚ್ ಆಡಲು ಬಂದಿದೆ. ಏರ್ಪಾಟು ಮಾಡಿದವನು ಇವನೇ.

ಆಟೋಗಳಲ್ಲಿ ಹಂಚಿಕೊಂಡು ಹೊರಟೆವು. ಸಾಲು ಸಾಲು ಲೈನ್ ಮನೆಗಳು, ಅವುಗಳ ಬೆನ್ನಿಗೆ ತುಕ್ಕು ಹಿಡಿದ ಶಾಫ್ಟಿನ ಗೋಪುರ, ಅದರ ಹಿಂದೆ ಸೈನೈಡ್ ಗುಡ್ಡ. ಗೊತ್ತಿಲ್ಲದವರು ಬೆಟ್ಟ ಅಂದುಕೊಳ್ಳುತ್ತಾರೆ. ಬಂಡೆ ಅರೆದು, ಸೈನೈಡಿನಲ್ಲಿ ಚಿನ್ನ ಬಿಡಿಸಿಕೊಂಡು, ಬೇಡವೆಂದು ಸುರಿದ ಹುಡಿಯ ರಾಶಿ ಅದು. ಗಾಳಿ ಎದ್ದರೆ ಆ ಹುಡಿಯೂ ಏಳುತ್ತದೆ: ಅನ್ನದ ತಟ್ಟೆಗೆ, ಒಣಹಾಕಿದ ಬಟ್ಟೆಗೆ, ನಮ್ಮ ಕೋರ್ಟಿಗೆ.

ಕೋರ್ಟು ಸಿಮೆಂಟಿನದು. ನಿಯಮದ ಪ್ರಕಾರ 28 ಮೀಟರ್ ಉದ್ದ, 15 ಮೀಟರ್ ಅಗಲ ಇರಬೇಕು. ನಮ್ಮದರ ಒಂದು ತುದಿಯಲ್ಲಿ ಗೆರೆ ಮುಗಿದು ಎರಡು ಹೆಜ್ಜೆಗೆ ಕಾಂಪೌಂಡು. ಲೇಅಪ್ ಹಾಕಿ ಇಳಿದವನು ಅಂಗೈ ಚಾಚಿ ಗೋಡೆಗೆ ಊರಿ ನಿಲ್ಲಬೇಕು. ವರ್ಷಾನುಗಟ್ಟಲೆ ಊರಿದ ಕೈಗಳಿಂದ ಆ ಜಾಗದ ಸುಣ್ಣ ಕಪ್ಪಾಗಿದೆ. 3.05 ಮೀಟರ್ ಎತ್ತರದ ರಿಂಗುಗಳಲ್ಲಿ ಒಂದು, ಜೋತಾಡಿದ ಹುಡುಗರ ಭಾರಕ್ಕೆ ಬೆರಳಷ್ಟು ಬಾಗಿದೆ. ಶಾಲೆಯ ಕಡೆಯ ಎಡ ಮೂಲೆಯಲ್ಲಿ ಸಿಮೆಂಟು ಬಿರಿದ ಒಂದು ಗೇಣು ಜಾಗವಿದೆ. ಅಲ್ಲಿ ಬಿದ್ದ ಚೆಂಡು ಮೇಲೇಳುವುದಿಲ್ಲ, ಹಿಟ್ಟಿನ ಮುದ್ದೆಯ ಹಾಗೆ ಕೂತುಬಿಡುತ್ತದೆ. ನಮ್ಮ ತಂಡವನ್ನು ತಯಾರು ಮಾಡುವ ಪಿಡಿ ಸರ್ ಇಬ್ಬರು ಹುಡುಗರ ಕೈಗೆ ಒದ್ದೆ ಗೋಣಿಚೀಲ ಕೊಟ್ಟು ಧೂಳು ಒರೆಸಿಸುತ್ತಿದ್ದಾರೆ. ಬೆಂಗಳೂರಿನ ಹುಡುಗರು ಶೂ ತಳವನ್ನು ಅಂಗೈಯಲ್ಲಿ ಉಜ್ಜಿ ನೋಡಿ ಮುಖ ಮುಖ ನೋಡಿಕೊಳ್ಳುತ್ತಾರೆ. ಬೂದು ಬಣ್ಣದ ಹುಡಿ ಹೆಬ್ಬೆರಳಿಗೆ ಮೆತ್ತಿಕೊಂಡಿದೆ.

ಮೆಟ್ಟಿಲ ಮೇಲೆ ನಲವತ್ತೈವತ್ತು ಜನ. ನಮ್ಮ ಊರಿನ ಪ್ರೇಕ್ಷಕರು ಒಂದೇ ವಾಕ್ಯದಲ್ಲಿ ಮೂರು ಭಾಷೆ ಆಡುವವರು. ಬೈಯುವುದು ತಮಿಳಿನಲ್ಲಿ, ಲೆಕ್ಕ ತೆಲುಗಿನಲ್ಲಿ, ಸಮಾಧಾನ ಕನ್ನಡದಲ್ಲಿ. ಅವರ ನಡುವೆ ಟವೆಲ್ಲು ತಲೆಗೆ ಸುತ್ತಿ ಕೂತವರು ನಮ್ಮ ಬೀದಿಯ ದೊಡ್ಡಪ್ಪ. ನೆಂಟಸ್ತಿಕೆ ಏನಿಲ್ಲ, ಬೀದಿಗೆಲ್ಲ ಅವರು ದೊಡ್ಡಪ್ಪ. ಮೈಸೂರು ಮೈನಿನಲ್ಲಿ ಟಿಂಬರ್‌ಮನ್ ಆಗಿದ್ದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ಕೆಳಗಿಳಿದವರು. ಹುಡುಗರ ಆಟ ನೋಡದೆ ಅವರ ಭಾನುವಾರ ಮುಗಿಯುವುದಿಲ್ಲ.

ನಾನು ಮೇಜಿಗೆ ಕೂತೆ. ಕಾಲು ಅಲುಗಾಡುವ ಸ್ಕೂಲು ಮೇಜು. ಅದರ ಮೇಲೆ ಸ್ಕೋರ್‌ಶೀಟು, ಹಾರದಂತೆ ಹೇರಿದ ಕಲ್ಲು. ಹೆಸರು, ನಂಬರು ಬರೆಯುತ್ತ ಬಂದೆ. ಒಂದು ತಂಡಕ್ಕೆ ಹನ್ನೆರಡು ಸಾಲು. ಪ್ರತಿ ಹೆಸರಿನ ಎದುರು ಐದು ಪುಟ್ಟ ಚೌಕ, ಫೌಲಿಗೆ. ಬಲಗಡೆ ಉದ್ದಕ್ಕೆ ಅಂಕಿಗಳ ಏಣಿ. ಬುಟ್ಟಿ ಬಿದ್ದಾಗಲೆಲ್ಲ ಹಾಕಿದವನ ನಂಬರು ಬರೆದು ಅಂಕಿಯ ಮೇಲೊಂದು ಓರೆ ಗೆರೆ ಎಳೆಯಬೇಕು. ಮೂರು ಪಾಯಿಂಟಿನದಾದರೆ ಆ ನಂಬರಿಗೆ ಸುತ್ತು. ಫ್ರೀ ಥ್ರೋ ಆದರೆ ತುಂಬಿದ ಚುಕ್ಕೆ.

ಇಷ್ಟು ವರ್ಷ ಬರೆದು ನನಗೆ ತಿಳಿದ ಒಂದು ಸಂಗತಿ ಇದೆ. ಈ ಹಾಳೆಯಲ್ಲಿ ಹಾಕಿದವನಿಗೆ ಜಾಗವಿದೆ, ತಡೆದವನಿಗೆ ಇಲ್ಲ. ಡಿಫೆನ್ಸ್ ಆಡುವವನು ಈ ಕಾಗದದ ಮೇಲೆ ಕಾಣಿಸಿಕೊಳ್ಳುವುದು ತಪ್ಪು ಮಾಡಿದಾಗ ಮಾತ್ರ. ಆ ಐದು ಚೌಕಗಳಲ್ಲಿ. ನಲವತ್ತು ನಿಮಿಷ ಒಬ್ಬನನ್ನು ಮುಟ್ಟದೆ ಕಟ್ಟಿಹಾಕಿದವನ ಸಾಲು ಖಾಲಿಯಾಗಿಯೇ ಉಳಿಯುತ್ತದೆ.

ನಮ್ಮ ಸಾಲುಗಳನ್ನು ತುಂಬುವಾಗಲೇ ಮೆಟ್ಟಿಲಿನಿಂದ ಗೊಣಗಾಟ ಶುರು. ಹೋದ ವರ್ಷದ ಐದು ಜನರಲ್ಲಿ ಈಗಿರುವವನು ಒಬ್ಬ. ಒಬ್ಬ ಎದುರು ತಂಡದಲ್ಲಿ ನಿಂತು ಶೂ ಲೇಸು ಬಿಗಿಯುತ್ತಿದ್ದಾನೆ. ಒಬ್ಬ ಡಿಗ್ರಿ ಮುಗಿಸಿ ವೈಟ್‌ಫೀಲ್ಡ್ ಕಡೆಯ ಗೋದಾಮಿನಲ್ಲಿ ನೈಟ್ ಶಿಫ್ಟ್. ಈ ಹೊತ್ತಿಗೆ ಮನೆಯಲ್ಲಿ ನಿದ್ದೆ ಹೊಡೆಯುತ್ತಿರುತ್ತಾನೆ. ಒಬ್ಬನ ಮೊಣಕಾಲು ಹೋಯಿತು. ಮೆಟ್ಟಿಲ ಮೇಲೆ ಕೂತು ಎಲ್ಲರಿಗಿಂತ ಜೋರಾಗಿ ಕೂಗುವವನು ಅವನೇ. ಇನ್ನೊಬ್ಬನಿಗೆ ಅಪ್ರೆಂಟಿಸ್ ಸಿಕ್ಕಿತು. ಉಳಿದವನು ನಾಲ್ಕನೇ ನಂಬರಿನ ಕ್ಯಾಪ್ಟನ್. ಎತ್ತರ ಸಾಧಾರಣ, ಶಾಟ್ ಸಾಧಾರಣ, ಮಾತು ಕಡಿಮೆ. ಬೆಂಗಳೂರಿನಿಂದ ಇವನನ್ನು ಯಾರೂ ಕರೆದಿಲ್ಲ.

ಏಳನೇ ನಂಬರಿನ ಬನಿಯನ್ನು ಈಗ ಹೊಸಬನೊಬ್ಬ ತೊಟ್ಟಿದ್ದಾನೆ. ಬಂಗಾರಪೇಟೆ ಕಡೆಯ ಹಳ್ಳಿಯವನು, ನಿನ್ನೆ ಮೊನ್ನೆಯವರೆಗೂ ಕಬಡ್ಡಿ ಆಡಿಕೊಂಡಿದ್ದವನು. ತೊಡೆ ನೋಡಿಯೇ ಪಿಡಿ ಸರ್ ಇವನನ್ನು ಹಿಡಿದು ತಂದದ್ದು.

"ಕಬಡ್ಡಿಯವನಿಗೆ ಏಳು ಕೊಟ್ರಾ? ಏನ್ ಸರ್ ಇದು!" ಎಂದ ಮೊಣಕಾಲಿನವನು.

ಪಿಡಿ ಸರ್ ತಿರುಗಿಯೂ ನೋಡಲಿಲ್ಲ. "ಇರೋದು ಅದೊಂದೇ ಬನಿಯನ್ನು. ಅವನ ಸೈಜಿಗೆ ಅದೇ ಆಗೋದು."

ಜಂಪ್ ಬಾಲ್.

ಮೊದಲ ಕ್ವಾರ್ಟರಿನ ಹತ್ತು ನಿಮಿಷ ನನ್ನ ಪೆನ್ನು ಎಡಗಡೆಗೆ ಬರಲೇ ಇಲ್ಲ ಎನ್ನಬಹುದು. ಹಳೇ ಏಳು ಎಡಕ್ಕೆ ಒಂದು ಹೆಜ್ಜೆ ಇಟ್ಟು, ನಿಂತು, ಮೇಲೇಳುತ್ತಾನೆ. ಚೆಂಡು ಬಲೆಯನ್ನು ಒಮ್ಮೆ ಉಫ್ ಎಂದು ಊದಿದಂತೆ ಮಾಡಿ ಕೆಳಗೆ. ಮೂರರದು ಎರಡು, ಒಂದು ಲೇಅಪ್, ಒಂದು ಫ್ರೀ ಥ್ರೋ. ಒಂಬತ್ತು ಪಾಯಿಂಟು ಅವನೊಬ್ಬನದೇ. ನಮ್ಮ ಮೆಟ್ಟಿಲಿನವರಿಗೆ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದ ಸಂಕಟ. ಇವನು ಇದೇ ಗೋಡೆಗೆ ಚೆಂಡು ಬಡಿದು ಕಲಿತವನು. ಅವನ ಅಮ್ಮ ಈಗಲೂ ಮೂರನೇ ಬೀದಿಯಲ್ಲಿದ್ದಾರೆ. ಯಾರೋ ತಟ್ಟಿಯೇ ಬಿಟ್ಟರು. ಪಕ್ಕದವರು ತಮಿಳಿನಲ್ಲಿ ಬೈದರು.

ಹೊಸ ಏಳು ಅವನನ್ನು ಹಿಡಿಯಲು ಹೋಗಿ, ಮಾತಿಗೆ ಹೇಳುತ್ತಿಲ್ಲ, ಹಿಡಿದೇಬಿಟ್ಟ. ಎರಡೂ ಕೈಯಿಂದ ಸೊಂಟಕ್ಕೆ. ರೆಫ್ರಿ ಸೀಟಿ ಊದಿ ನಗು ತಡೆದುಕೊಂಡರು. ಐದು ಚೌಕದಲ್ಲಿ ಒಂದಕ್ಕೆ ‘ಪಿ’ ಬರೆದೆ. ಎರಡು ನಿಮಿಷಕ್ಕೆ ಇನ್ನೊಂದು.

ಕಬಡ್ಡಿ ಮೈಗೆ ಕಲಿಸುವುದೇ ಅದನ್ನು: ಒಳಗೆ ಬಂದವನನ್ನು ಬಿಡಬೇಡ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಅದಕ್ಕೆ ತದ್ವಿರುದ್ಧ ಯೋಚನೆಯಿಂದ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಬರೆದ ಹದಿಮೂರು ನಿಯಮಗಳಲ್ಲಿ ಹಿಡಿಯುವುದು, ತಳ್ಳುವುದು, ಅಡ್ಡಗಾಲು ಹಾಕುವುದು ಎಲ್ಲ ತಪ್ಪು. ಚಳಿಗಾಲದಲ್ಲಿ ಛಾವಣಿಯ ಕೆಳಗೆ, ಮೂಳೆ ಮುರಿದುಕೊಳ್ಳದೆ ಆಡಲು ಒಂದು ಆಟ ಬೇಕಿತ್ತು ಅವರಿಗೆ. ಹಾಗಾಗಿ ಇಲ್ಲಿ ತಡೆಯುವುದೆಂದರೆ ಎದುರಾಳಿ ಹೋಗಬೇಕೆಂದಿರುವ ಜಾಗಕ್ಕೆ ಅವನಿಗಿಂತ ಮೊದಲು ಹೋಗಿ ನಿಲ್ಲುವುದು. ಕೈಗಿಂತ ಪಾದಕ್ಕೆ ಹೆಚ್ಚು ಕೆಲಸ. ಪಿಡಿ ಸರ್ ಹೊಸಬರಿಗೆ ಮೊದಲ ತಿಂಗಳು ಚೆಂಡು ಮುಟ್ಟಲು ಬಿಡುವುದಿಲ್ಲ. ಎರಡೂ ಕೈ ಬೆನ್ನ ಹಿಂದೆ, ಕೈಯಲ್ಲಿ ಟವೆಲ್ಲು; ಇಲ್ಲದ ಸ್ಟೂಲಿನ ಮೇಲೆ ಕೂತಂತೆ ಮಂಡಿ ಮಡಚಿ, ಮೂಲೆಯಿಂದ ಮೂಲೆಗೆ ಏಡಿಯ ಹಾಗೆ ಅಡ್ಡಡ್ಡ ಸರಿಯಬೇಕು. ಕಾಲು ಒಂದಕ್ಕೊಂದು ತಗುಲಿದರೆ ಮತ್ತೆ ಮೊದಲಿಂದ.

21–9. ಎರಡನೇ ಕ್ವಾರ್ಟರಿಗೆ ಸರ್ ಝೋನ್‌ಗೆ ಬದಲಾಯಿಸಿದರು. ಮುಂದೆ ಇಬ್ಬರು, ಹಿಂದೆ ಮೂವರು. ಆಳನ್ನು ಬಿಟ್ಟು ಜಾಗ ಕಾಯುವುದು. ಗಾಳಿಗೆ ಹೊರಗಿನಿಂದ ಎಸೆದ ಚೆಂಡು ಅರ್ಧ ಗೇಣು ವಾಲುತ್ತದೆಂದು ಈ ಊರಿನವರಿಗೆ ಗೊತ್ತು. ಹೊರಗಿನಿಂದಲೇ ಎಸೆಯಲಿ ಬಿಡಿ ಎಂದು ಒಳಗೆ ಮುಚ್ಚಿದರು. ಬೆಂಗಳೂರಿನ ಹುಡುಗರ ಮೂರು ಶಾಟ್ ಸಾಲಾಗಿ ರಿಂಗಿನ ಅಂಚು ತಾಗಿ ಹೊರಬಿದ್ದವು. ಸಾಲದ್ದಕ್ಕೆ ಅವರ ಗಾರ್ಡ್ ಒಬ್ಬ ಎಡ ಮೂಲೆಗೆ ಡ್ರಿಬಲ್ ಮಾಡಿಕೊಂಡು ಹೋದ. ಚೆಂಡು ಕೆಳಗೆ ಹೋದದ್ದು ಮೇಲೆ ಬರಲಿಲ್ಲ. ಖಾಲಿ ಕೈ ಗಾಳಿಯಲ್ಲಿ ಬಡಿದುಕೊಂಡಿತು. ಮೆಟ್ಟಿಲೆಲ್ಲ ಒಂದೇ ಸಮನೆ ನಗು. ಹಳೇ ಏಳು ಮಾತ್ರ ತಲೆ ಚಚ್ಚಿಕೊಂಡ: "ಅಲ್ಲಿ ಹೋಗ್ಬೇಡ ಅಂದಿದ್ನಲ್ಲೋ!"

ಆದರೂ ಅರ್ಧಕ್ಕೆ 33–20. ಹೊಸ ಏಳರ ಮೂರನೇ ಚೌಕ ತುಂಬಿತ್ತು.

ಟೀ ಬಂತು. ಬಂಗಾರಪೇಟೆಯಿಂದ ಬಂದವರೊಬ್ಬರು ಪಾನಿಪೂರಿಯ ಬಿಳಿ ನೀರನ್ನು ಬಾಟಲಿಯಲ್ಲಿ ತಂದಿದ್ದರು. ನೋಡಲು ಬರೀ ನೀರು, ಕುಡಿದರೆ ಕಣ್ಣಲ್ಲಿ ನೀರು. ಬೆಂಗಳೂರಿನ ಇಬ್ಬರು ಹುಡುಗರು ಮೋಸಹೋದರು. ಇತ್ತ ಮೆಟ್ಟಿಲ ಮೇಲೆ ಪ್ರತಿ ವರ್ಷದ ವಾದ ಮತ್ತೆ ಬಿಸಿಯಾಯಿತು: ಬೆಳೆಸುವವರು ನಾವು, ಕೊಯ್ದುಕೊಳ್ಳುವವರು ಅವರು.

"ಅವನದೇನು ತಪ್ಪು?" ಎಂದೆ. ನಮ್ಮಂಥ ಕಾಲೇಜುಗಳು ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದವು. 2017ರಲ್ಲಿ ಶುರುವಾದದ್ದು ಅದು. ಅಂತರ ಕಾಲೇಜು ಪಂದ್ಯಗಳಲ್ಲಿ ಕಣ್ಣಿಗೆ ಬಿದ್ದು, ಎಷ್ಟೋ ಕಾಲೇಜಿನ ಹುಡುಗರ ನಡುವೆ ಆರಿಸಿಬಂದರೆ ಮಾತ್ರ ವಿಶ್ವವಿದ್ಯಾಲಯದ ತಂಡ. ಆಮೇಲೆ ದಕ್ಷಿಣ ವಲಯ, ಆಮೇಲೆ ಅಖಿಲ ಭಾರತ. ಬೆಂಗಳೂರಿನ ಜೈನ್, ಕ್ರೈಸ್ಟ್‌ನಂಥವು ಸ್ವತಃ ವಿಶ್ವವಿದ್ಯಾಲಯಗಳು. ಅಲ್ಲಿ ಕಾಲೇಜು ತಂಡಕ್ಕೆ ಸೇರಿದವನು ನೇರ ವಲಯ ಪಂದ್ಯದ ಬಾಗಿಲಲ್ಲಿ ನಿಂತ ಹಾಗೆ. ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ವಯಸ್ಸಿನ ಮಿತಿಯೂ ಇದೆ, 25 ವರ್ಷ. ಇರುವ ನಾಲ್ಕಾರು ವರ್ಷದಲ್ಲಿ ಬುದ್ಧಿವಂತ ಹುಡುಗ ಯಾವ ಬಾಗಿಲು ಆರಿಸಿಕೊಳ್ಳಬೇಕು?

ಮೊಣಕಾಲಿನವನು ಫೋನು ಎತ್ತಿ ತೋರಿಸಿದ. ಬೆಳಗಿನ ರೈಲಿನಲ್ಲಿ ಅಮೆರಿಕದ ಕಾಲೇಜು ಪಂದ್ಯಗಳ ತುಣುಕು ನೋಡುವ ಚಟ ಅವನಿಗೆ. "ಅಲ್ಲಿ ಇನ್ನೂ ಜೋರು ಅಣ್ಣಾ. ಪೋರ್ಟಲ್ ಅಂತ ಇದೆ. ಹೆಸರು ಹಾಕಿದ್ರೆ ಯಾವ ಕಾಲೇಜು ಬೇಕಾದ್ರೂ ಕರೀಬಹುದು." ನಿಜವೇ. 2018ರಲ್ಲಿ ಆ ಪೋರ್ಟಲ್ ಬಂತು. ಮೊದಲು ಕಾಲೇಜು ಬದಲಿಸಿದವನು ಒಂದು ವರ್ಷ ಬೆಂಚಿನಲ್ಲಿ ಕೂರಬೇಕಿತ್ತು. 2021ರಲ್ಲಿ ಒಂದು ಸಲದ ಮಟ್ಟಿಗೆ ಆ ಶಿಕ್ಷೆ ತೆಗೆದರು, 2024ರಲ್ಲಿ ಎಷ್ಟು ಸಲವಾದರೂ ಸರಿ ಎಂದರು. 2021ರಿಂದ ಆಟಗಾರ ತನ್ನ ಹೆಸರು, ಮುಖ ಬಳಸಿ ದುಡ್ಡು ಮಾಡಲೂಬಹುದು. ಈಗ ಅಲ್ಲಿನ ಅಭಿಮಾನಿ ಪ್ರತಿ ಬೇಸಿಗೆ ಕಳೆದ ಮೇಲೆ ತನ್ನ ತಂಡದವರ ಹೆಸರನ್ನೇ ಹೊಸದಾಗಿ ಬಾಯಿಪಾಠ ಮಾಡಬೇಕು. ನಾವು ಎಷ್ಟೋ ವರ್ಷದಿಂದ ಮಾಡುತ್ತಿರುವುದೂ ಅದೇ. ನಮ್ಮ ಪೋರ್ಟಲ್ ಮಾರಿಕುಪ್ಪಂ ಸ್ಟೇಷನ್.

ದೂರ ಹೋದವರನ್ನು ನೆನೆದು ಹೆಮ್ಮೆಪಡುವುದೂ ನಮಗೆ ಗೊತ್ತು. ಬೆಂಗಳೂರಿನ ಹುಡುಗಿ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಆಡಲು ಹೋದಾಗ ಇದೇ ಮೆಟ್ಟಿಲಲ್ಲಿ ಸುದ್ದಿ. ಚಿನ್ನದ ಗಣಿಯ ಈ ನಾಡಿನ ಕೆನೆತ್ ಪೊವೆಲ್ 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಓಡಿದ್ದನ್ನು ದೊಡ್ಡಪ್ಪ ಮೊನ್ನೆ ನಡೆದಂತೆ ಹೇಳುತ್ತಾರೆ. ಹೋದವರ ಹೆಸರು ಊರಿನ ಬಾಯಲ್ಲಿ ಉಳಿಯುತ್ತದೆ. ಇದ್ದವರ ಹೆಸರು ಯಾರ ಬಾಯಲ್ಲಿ?

ದೊಡ್ಡಪ್ಪ ಟೀ ಲೋಟ ಕೆಳಗಿಟ್ಟರು. "ತಂಬಿ, ಮೈನಲ್ಲಿ ಡ್ರಿಲ್ ಹೊಡೆಯೋನಿಗೆ ಲೆಕ್ಕ ಇರ್ತಿತ್ತು. ಇಷ್ಟಡಿ ಹೊಡೆದ, ಇಷ್ಟು ಕಲ್ಲು ಬಂತು, ಅದರಲ್ಲಿ ಇಷ್ಟು ಚಿನ್ನ. ನಾವು ಟಿಂಬರ್‌ನವರು ಮರ ಕೊಟ್ಟು ಮೇಲಿನ ಬಂಡೆ ನಿಲ್ಲಿಸೋರು. ಬಂಡೆ ಬೀಳದೆ ಇದ್ರೆ ನಾವು ಕೆಲ್ಸ ಮಾಡಿದೀವಿ ಅಂತ. ಬೀಳದೆ ಇದ್ದಿದ್ದನ್ನ ಯಾರು ಎಣಿಸ್ತಾರೆ? ಬಿದ್ರೆ ಮಾತ್ರ ನಮ್ಮ ಹೆಸರು ಕೇಳೋರು."

ಇಲ್ಲಿನ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಅಷ್ಟು ಕೆಳಗೆ ಬಂಡೆ ತನ್ನ ಭಾರ ತಾನೇ ತಾಳದೆ ಒಮ್ಮೊಮ್ಮೆ ಸಿಡಿಯುತ್ತಿತ್ತು. ರಾಕ್ ಬರ್ಸ್ಟ್ ಎನ್ನುತ್ತಿದ್ದರು. ಮೇಲೆ ಅಡುಗೆಮನೆಯ ಅಟ್ಟದಿಂದ ಪಾತ್ರೆ ಉದುರಿದರೆ ಹೆಂಗಸರು ಒಲೆ ಹಾಗೇ ಬಿಟ್ಟು ಶಾಫ್ಟಿನ ಬಾಯಿಗೆ ಓಡುತ್ತಿದ್ದರು. "ಕತ್ತಲಲ್ಲಿ ಒಬ್ಬರಿಗೊಬ್ಬರು ಕಾಣ್ತಿರ್ಲಿಲ್ಲ," ಎಂದರು ದೊಡ್ಡಪ್ಪ, "ಅದಕ್ಕೇ ಕೂಗ್ತಾ ಇರ್ಬೇಕು. ಕೂಗು ನಿಂತ್ರೆ ಭಯ."

ಸೀಟಿ.

ಮೂರನೇ ಕ್ವಾರ್ಟರಿನಲ್ಲಿ ಹೊಸ ಏಳು ನಾಲ್ಕನೇ ಫೌಲ್ ಮಾಡಿ ಬೆಂಚಿಗೆ ಹೋದ. ಐದಾದರೆ ಆಟವೇ ಮುಗಿಯುತ್ತದೆ. ಸರ್ ಬೈಯಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಹಳೆ ಟವೆಲ್ಲು ಅವನ ಕೈಗಿಟ್ಟರು. "ಚೆಂಡು ನೋಡ್ಬೇಡ. ನಾಲ್ಕರ ಕಾಲು ನೋಡು. ಅವನ ಬಾಯಿ ಕೇಳು."

ನಾನೂ ಆಗಲೇ ಕೇಳಿಸಿಕೊಂಡದ್ದು. ಮಾತು ಕಡಿಮೆ ಎಂದೆನಲ್ಲ, ಆ ನಾಲ್ಕು ಡಿಫೆನ್ಸಿನಲ್ಲಿ ಬಾಯಿ ಮುಚ್ಚುವುದೇ ಇಲ್ಲ. ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂದು ಉಳಿದ ನಾಲ್ವರಿಗೂ ಅವನೇ ಕಣ್ಣು. "ಸ್ಕ್ರೀನ್ ಬಲಕ್ಕೆ! ಬಲಕ್ಕೆ!" "ಕಟ್ ಮಾಡ್ತಾವ್ನೆ, ನೋಡ್ಕೋ!" ತನ್ನ ಜೊತೆಗಾರ ಎದುರಾಳಿಗೆ ಹಿಂದೆ ಬಿದ್ದರೆ ತಮಿಳಿನಲ್ಲಿ ಒಂದೇ ಕೂಗು: "ನಾ ಇರುಕ್ಕೇನ್!" ನಾನಿದ್ದೇನೆ. ನಿನ್ನ ಕೈತಪ್ಪಿ ಬಂದವನಿಗೆ ಮುಂದೆ ನಾನು ಸಿಗುತ್ತೇನೆ, ನೀನು ಧೈರ್ಯವಾಗಿ ಒತ್ತು ಎಂದು ಅದರ ಅರ್ಥ. ಈ ಕೂಗನ್ನು ಅವನು ಹುಟ್ಟಿಸಿದ್ದಲ್ಲ. ನಾನು ಇದೇ ಕೋರ್ಟಿನಲ್ಲಿ ಆಡುತ್ತಿದ್ದಾಗ ನಮ್ಮ ಸೀನಿಯರ್ ಒಬ್ಬರು ಹಾಗೇ ಕೂಗುತ್ತಿದ್ದರು. ಅವರು ಯಾರಿಂದ ಕಲಿತರೋ.

47–35. ಕೊನೆಯ ಹತ್ತು ನಿಮಿಷ.

ಸರ್ ಝೋನ್ ಬಿಡಿಸಿ ಮ್ಯಾನ್ ಟು ಮ್ಯಾನ್ ಎಂದರು. ನಾಲ್ಕು ಹೋಗಿ ಹಳೇ ಏಳರ ಎದುರು ನಿಂತ. ಮೂರು ವರ್ಷ ದಿನಾ ಸಂಜೆ ಪ್ರಾಕ್ಟೀಸಿನಲ್ಲಿ ಎದುರುಬದುರು ನಿಂತವರು. ಬೆಂಗಳೂರು ಅವನಿಗೆ ಹೊಸ ಶೂ ಕೊಟ್ಟಿರಬಹುದು, ಎಡಗಾಲಿನ ಮೊದಲ ಹೆಜ್ಜೆಯನ್ನು ಬದಲಿಸಿಲ್ಲ. ನಾಲ್ಕು ತನ್ನ ಬಲಪಾದವನ್ನು ಅವನ ಎಡಪಾದದ ಹೊರಗಡೆಗೆ ಇಟ್ಟ. ಇಷ್ಟೇ. ಒಂದು ಪಾದದಷ್ಟು ಜಾಗ. ಮೆಟ್ಟಿಲಿನಿಂದ ನೋಡುವವರಿಗೆ ಏನೂ ಆದಂತೆ ಕಾಣುವುದಿಲ್ಲ. ಹಳೇ ಏಳು ಎಡಕ್ಕೆ ಹೊರಟ, ದಾರಿಯಲ್ಲಿ ಎದೆ. ನಿಂತ, ಮತ್ತೆ ಹೊರಟ, ಮತ್ತೆ ಎದೆ. ಚೆಂಡನ್ನು ಬಿಟ್ಟುಕೊಟ್ಟ.

ಶಾಟ್ ಎಸೆಯಲು ಕೊಡುವ 24 ಸೆಕೆಂಡನ್ನು ಎಣಿಸಲು ನಮ್ಮಲ್ಲಿ ಗಡಿಯಾರವಿಲ್ಲ. ಸ್ಟಾಪ್‌ವಾಚ್ ಹಿಡಿದ ಹುಡುಗನೊಬ್ಬ ಸ್ಟೀಲ್ ತಟ್ಟೆ ಬಡಿಯುತ್ತಾನೆ. ಕೊನೆಯ ಐದು ಸೆಕೆಂಡು ಬೆರಳು ಎತ್ತಿದರೆ ಮೆಟ್ಟಿಲೇ ಎಣಿಸುತ್ತದೆ. "ಐದು! ನಾಲುಗು! ಮೂಡು!" ಬೆಂಗಳೂರಿನವರು ಚೆಂಡನ್ನು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಬಿಸಿ ಆಲೂಗಡ್ಡೆ ಹಿಡಿದವರಂತೆ ದಾಟಿಸುತ್ತಿದ್ದಾರೆ. "ರೆಂಡು! ಒಕಟಿ!" ತಟ್ಟೆ ಢಣ್ ಎಂದಿತು. ಬರೆಯಲು ಪೆನ್ನು ಎತ್ತಿದೆ. ಬರೆಯಲು ಏನೂ ಇರಲಿಲ್ಲ. 24 ಸೆಕೆಂಡಿನ ತಪ್ಪಿಗೂ ಶೀಟಿನಲ್ಲಿ ಜಾಗವಿಲ್ಲ.

ನಾಲ್ಕು ನಿಮಿಷ ಅವರದೊಂದೂ ಬುಟ್ಟಿ ಬೀಳಲಿಲ್ಲ. ಈ ಕಡೆ ನಮ್ಮವರು ಓಡಿ ಓಡಿ ಎರಡೆರಡು ಪಾಯಿಂಟು ಕೂಡಿಸಿಕೊಂಡು ಬಂದರು. ಇನ್ನೈದು ನಿಮಿಷ ಇರುವಾಗ ಸರ್ ಹೊಸ ಏಳನ್ನು ಒಳಗೆ ಕಳಿಸಿದರು, ನಾಲ್ಕು ಫೌಲ್ ಹೊತ್ತವನನ್ನು. ಮೊಣಕಾಲಿನವನು ಕಣ್ಣು ಮುಚ್ಚಿಕೊಂಡ.

ಎಡ ಮುಚ್ಚಿತೆಂದು ಹಳೇ ಏಳು ಬಲಕ್ಕೆ ತಿರುಗಿದ. ಅವರವನೊಬ್ಬ ಅಡ್ಡ ನಿಂತು ಕಟ್ಟಿದ ಸ್ಕ್ರೀನಿಗೆ ನಾಲ್ಕು ಸಿಕ್ಕಿಬಿದ್ದ. ರಿಂಗಿನವರೆಗೆ ದಾರಿ ತೆರೆದುಬಿಟ್ಟಿತು. ಆಗ ಹೊಸ ಏಳು ತನ್ನವನನ್ನು ಬಿಟ್ಟು ಅಡ್ಡ ಬಂದ. ಬರುತ್ತ ಅವನ ಎರಡೂ ಕೈ ಅಭ್ಯಾಸದಂತೆ ಮುಂದೆ ಚಾಚಿದವು. ಅರ್ಧದಲ್ಲಿ ತಡೆದವು. ಮೇಲೆ ಹೋದವು. "ನಾನಿದೀನಿ!" ಎಂದು ಅವನ ಬಾಯಿಂದ ಬಂದದ್ದು ಕೂಗಲ್ಲ, ಹೆದರಿದವನ ಉಸಿರು. ಪಾದ ಊರಿ ನಿಂತ. ಹಳೇ ಏಳು ಅವನ ಎದೆಗೆ ಡಿಕ್ಕಿ ಹೊಡೆದು, ಇಬ್ಬರೂ ಸಿಮೆಂಟಿನ ಮೇಲೆ ಜಾರಿ ಗೋಡೆಯವರೆಗೆ ಹೋದರು. ಧೂಳು ಎದ್ದಿತು.

ರೆಫ್ರಿ ಬಿಗಿದ ಮುಷ್ಟಿಯನ್ನು ಅಂಗೈಗೆ ಬಡಿದರು. ಚಾರ್ಜ್. ತಪ್ಪು ನುಗ್ಗಿದವನದು.

ನಾನು ‘ಪಿ’ ಬರೆದೆ, ಹದಿನೇಳರ ಎದುರು. ಹೊಸ ಏಳರ ಸಾಲಿಗೆ ಬರೆಯುವುದೇನಿಲ್ಲ. ಅವನು ಎದ್ದು ಕೂತು ಮೊಣಕೈ ನೋಡಿಕೊಂಡ. ಚರ್ಮ ಕಿತ್ತು ರಕ್ತಕ್ಕೆ ಬೂದು ಹುಡಿ ಅಂಟಿತ್ತು. ಹಳೇ ಏಳು ಅವನ ಕೈ ಹಿಡಿದು ಎಬ್ಬಿಸಿ, ಬೆನ್ನ ಮೇಲಿನ ಆ ಹಳೆ ನಂಬರನ್ನು ಒಮ್ಮೆ ಒರೆಸಿದ. ಧೂಳಿಗೋ ಬೇರೇನಕ್ಕೋ.

ಕೊನೆಯ ನಿಮಿಷದಲ್ಲಿ ನಾಲ್ಕು ಒಂದು ತಪ್ಪು ಮಾಡಿದ. ದಣಿದು ಹೆಜ್ಜೆ ತಡವಾಗಿ ಹಳೇ ಏಳರ ಮೊಣಕೈಗೆ ತಾಗಿದ. ಎರಡು ಫ್ರೀ ಥ್ರೋ, ಎರಡೂ ಒಳಗೆ. ಆ ಕ್ವಾರ್ಟರಿನಲ್ಲಿ ಅವನಿಗೆ ಸಿಕ್ಕಿದ್ದು ಅವೆರಡೇ. ಇಡೀ ತಂಡಕ್ಕೆ ಸಿಕ್ಕಿದ್ದು ಆರು. ನಮ್ಮದು ಹದಿನಾಲ್ಕು. ಆದರೂ ಸಾಲಲಿಲ್ಲ. 53–49. ನಾವು ಸೋತೆವು.

ಶೀಟಿನ ಕೆಳಗೆ ಎರಡು ಗೆರೆ ಎಳೆದು ರೆಫ್ರಿಯ ಸಹಿ ತೆಗೆದುಕೊಂಡೆ. ದೊಡ್ಡಪ್ಪ ಕನ್ನಡಕ ಏರಿಸಿ ಮೇಜಿನ ಮೇಲೆ ಬಾಗಿದರು.

"ನಮ್ಮ ನಾಲ್ಕಂದು ಎಷ್ಟು ಬರ್ದೆ?"

"ಐದು ಪಾಯಿಂಟು ದೊಡ್ಡಪ್ಪ. ನಾಲ್ಕು ಫೌಲು."

"ಆಮೇಲೆ?"

"ಅಷ್ಟೇ. ಅದಕ್ಕೆ ಕಾಲಂ ಇಲ್ಲ."

ಅವರು ಬೆರಳನ್ನು ನಾಲ್ಕರ ಸಾಲಿನ ಮೇಲೆ ಉದ್ದಕ್ಕೆ ಎಳೆದರು, ಮರ ಗಟ್ಟಿಯಿದೆಯೇ ಎಂದು ನೋಡುವವರ ಹಾಗೆ. ಏನೂ ಹೇಳಲಿಲ್ಲ.

ಮರುದಿನ ಬೆಳಗಿನ ಜಾವ. ಪ್ಲಾಟ್‌ಫಾರ್ಮಿನಲ್ಲಿ ಕರ್ಚೀಫುಗಳ ಯುದ್ಧ ನಡೆದಿದೆ. ತಂಡ ನಿನ್ನೆ ಸಂಜೆಯೇ ಹೋಗಿತ್ತು. ಹಳೇ ಏಳು ಅಮ್ಮನ ಜೊತೆ ಒಂದು ರಾತ್ರಿ ಉಳಿದು ಈಗ ಹೊರಟಿದ್ದಾನೆ. ನನಗೂ ಒಂದು ಸೀಟು ಹಿಡಿದಿದ್ದ. ಬಂಗಾರಪೇಟೆ ದಾಟುವವರೆಗೂ ಸುಮ್ಮನಿದ್ದು, ಟೇಕಲ್ ಬಂಡೆಗಳ ಮೇಲೆ ಬೆಳಕು ಬೀಳುವಾಗ ಹೇಳಿದ:

"ಅಣ್ಣಾ, ನಮ್ಮ ಕೋಚ್ ನಿನ್ನೆ ರಾತ್ರಿ ಫೋನ್ ಮಾಡಿದ್ರು. ನಾಲ್ಕರ ನಂಬರ್ ಕೇಳಿದ್ರು."

"ಕೊಟ್ಟೆಯಾ?"

"ಕೊಟ್ಟೆ." ಸ್ವಲ್ಪ ಹೊತ್ತು ಬಿಟ್ಟು, "ತಪ್ಪಾಯ್ತಾ ಅಣ್ಣಾ?"

ಕೋಚಿನ ಕಣ್ಣು ಶೀಟಿನ ಹೊರಗೂ ನೋಡುತ್ತದೆಂದು ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಅದರ ಹಿಂದೆಯೇ ನಮ್ಮ ಹನ್ನೆರಡು ಸಾಲಿನಲ್ಲಿ ಮೊದಲನೆಯದು ಖಾಲಿಯಾದದ್ದು ಕಣ್ಣಿಗೆ ಕಟ್ಟಿತು. "ಇಲ್ಲಪ್ಪ, ಒಳ್ಳೇದೇ ಮಾಡಿದೆ," ಎಂದೆ. ಮಾಲೂರಿನಲ್ಲಿ ಜನ ನುಗ್ಗಿದರು. ಮಾತು ಅಲ್ಲಿಗೇ ನಿಂತಿತು.

ಮುಂದಿನ ಭಾನುವಾರ ನಾಲ್ಕು ಬರಲಿಲ್ಲ. ಟ್ರಯಲ್‌ಗೆ ಬೆಂಗಳೂರಿಗೆ ಹೋಗಿದ್ದಾನೆ ಎಂದರು ಪಿಡಿ ಸರ್, ಗೋಣಿಚೀಲ ಹಿಂಡುತ್ತ. ಗಾಳಿ ಇನ್ನೂ ನಿಂತಿಲ್ಲ. ದೊಡ್ಡಪ್ಪ ತಮ್ಮ ಜಾಗದಲ್ಲಿ ಕೂತು ಕಣ್ಣು ಮುಚ್ಚಿದ್ದರು, ಬಿಸಿಲಿಗೋ ಹುಡಿಗೋ. ಪಿಯುಸಿಯ ಮೂವರು ಹೊಸ ಹುಡುಗರು ಟವೆಲ್ಲು ಬೆನ್ನಿಗೆ ಹಿಡಿದು ಏಡಿ ನಡಿಗೆ ಕಲಿಯುತ್ತಿದ್ದರು. ಈ ತುದಿಯಲ್ಲಿ ಐವರ ಎದುರು ಐವರು. ಮೊಣಕೈಗೆ ಪ್ಲಾಸ್ಟರ್ ಹಾಕಿಕೊಂಡ ಏಳನೇ ನಂಬರು ಮಂಡಿ ಮಡಚಿ, ಕೈ ಎರಡೂ ಹೊರಗೆ ಚಾಚಿ ನಿಂತಿದ್ದ.

ಮುಂದಿದ್ದ ಹುಡುಗ ಒಂದು ಹೆಜ್ಜೆ ತಪ್ಪಿದ. ಎದುರಿನವನು ಸಂದಿಯಲ್ಲಿ ನುಗ್ಗಿದ.

"ನಾ ಇರುಕ್ಕೇನ್!"

ತಮಿಳು ಬಾರದ ಬಂಗಾರಪೇಟೆ ಹುಡುಗ. ‘ರು’ ಎಳೆದು, ‘ಕ್ಕೇ’ ಮೇಲೆ ಒತ್ತು ಹಾಕಿ, ಥೇಟ್ ನಾಲ್ಕು ಕೂಗುವ ಹಾಗೆ.

ದೊಡ್ಡಪ್ಪ ಕಣ್ಣು ತೆರೆದು ನಾಲ್ಕು ಬಂದನೇ ಎಂದು ಕೋರ್ಟಿನ ಕಡೆ ನೋಡಿದರು.